ಹಲಸಿಯ ತಾಮ್ರಪಟಗಳೂ ದಾಖಲೆ ಕಾಯುವ ವೆಚ್ಚವೂ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಹಲಸಿಗೆ ಹೋದವರು ಅಲ್ಲಿಯ ಭೂವರಾಹ ನರಸಿಂಹ ದೇವಾಲಯವನ್ನು ಕಂಡೇ ಇರುತ್ತಾರೆ. ವಾಚಕ ಮಹಾಶಯರು ಈಗ ಆ ದೇವಾಲಯವನ್ನು ಬಿಟ್ಟು, ಊರ ಹೊರಗೆ ಚಕ್ರತೀರ್ಥವೆಂಬ ಬಾವಿಯ ಬಳಿ, ಮಣ್ಣಿನ ದಿಬ್ಬದೊಳಗೆ, ಹತ್ತೊಂಬತ್ತನೆಯ ಶತಮಾನದಲ್ಲಿ ದೊರೆತ ಕದಂಬರ ತಾಮ್ರಪಟಗಳತ್ತ ಗಮನ ಹರಿಸಬೇಕೆಂದು ವಿನಂತಿ. ಜೆ. ಎಫ್. ಫ್ಲೀಟ್ ಎಂಬ ವಿದ್ವಾಂಸರು 1877ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಇವುಗಳ ಪಾಠವನ್ನು ಪ್ರಕಟಿಸಿದರು. ಅಂದು ಪಲಾಶಿಕಾ ಎನಿಸಿಕೊಂಡಿದ್ದ ಈ ಊರಿನ ಪಟಗಳಲ್ಲಿ, ಕಾಕುಸ್ಥವರ್ಮನು ಯುವರಾಜನಾಗಿದ್ದಾಗ ಶ್ರುತಕೀರ್ತಿ ಎಂಬ ಸೇನಾಪತಿಗೆ ಹೊಲವೊಂದನ್ನು ಕೊಟ್ಟ ಐದನೆಯ ಶತಮಾನದ ದಾನವಿದೆ. ಮೃಗೇಶವರ್ಮ, ರವಿವರ್ಮ, ಹರಿವರ್ಮರ ದಾನಗಳಿವೆ.

ಎಲ್ಲವೂ ದಾನಗಳೇ ಎಂಬುದನ್ನು ತಾವು ಗಮನಿಸಬೇಕು. ಅಷ್ಟು ದೊಡ್ಡ ರಾಜ್ಯಕ್ಕೆ ತೆರಿಗೆಯ ಲೆಕ್ಕ, ಕಣಜದ ಲೆಕ್ಕ, ಸೈನ್ಯದ ಲೆಕ್ಕ ಇರಲೇಬೇಕಲ್ಲವೆ? ಅವುಗಳಲ್ಲಿ ಒಂದೂ ಉಳಿದಿಲ್ಲ. ತಾಮ್ರವು ದುಬಾರಿ ಲೋಹ. ಅದನ್ನು ತಟ್ಟಿ ತಗಡು ಮಾಡಿ, ಅಕ್ಷರ ಕೊರೆಯಿಸಿ, ಬಳೆಯಲ್ಲಿ ಪೋಣಿಸಿ, ಮುದ್ರೆ ಒತ್ತಿಸುವ ಖರ್ಚನ್ನು ಸೂರ್ಯಚಂದ್ರರಿರುವವರೆಗೆ ನಡೆಯಬೇಕಾದ ದಾನಕ್ಕೆ ಮಾತ್ರ ಮಾಡುತ್ತಿದ್ದರು. ಉಳಿದುದೆಲ್ಲ ಅಗ್ಗದ ವಸ್ತುವಿನ ಮೇಲೆ ಬರೆದು, ಕೆಲಸ ತೀರಿದ ಮೇಲೆ ಮರೆಯತಕ್ಕದ್ದು. ಮುಂದಿನ ಕಾಲದ ಕಡತವೂ ಇಂಥದೇ. ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು, ಮಡಚಿ, ಬಳಪದಿಂದ ಬರೆಯುವ ಪುಸ್ತಕವದು. ಬೇಡವಾದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಅಳಿಸಲೆಂದೇ ಹುಟ್ಟಿದ ಆ ವಸ್ತುವಿನ ಹೆಸರು ಇಂದು, ಯಾರೂ ಅಳಿಸಲಂಜುವ ಸರಕಾರಿ ಫೈಲಿಗೆ ಅಂಟಿಕೊಂಡಿರುವುದು ಸೋಜಿಗವೇ ಸರಿ.

ಕಾಯಬೇಕಾದುದನ್ನು ಕಾಯದೆ ಹೋದರೆ ಏನಾಗುತ್ತದೆಂಬುದನ್ನು ನಮ್ಮ ಭಾಗದ ಹಿರಿಯರು ಇನಾಮು ಕಮಿಷನ್ನಿನ ಕಾಲದಲ್ಲಿ ಅನುಭವಿಸಿದರು. ಬೆಳಗಾವಿ ಪ್ರದೇಶವು 1818ರಲ್ಲಿ ಆಂಗ್ಲರ ವಶವಾಯಿತು. ಆ ಬಳಿಕ ತೆರಿಗೆಯಿಲ್ಲದ ಭೂಮಿಗಳ ವಿಚಾರಣೆ ಬೆಳೆದು, 1852ರ 11ನೆಯ ಕಾಯಿದೆಯಿಂದ ಬಿಗಿಯಾಯಿತು. ಸನದು ತೋರಿಸಿರಿ, ಇಲ್ಲವೆ ಕಂದಾಯ ಕೊಡಿರಿ ಎಂಬುದು ಅದರ ಸಾರ. ತಲೆಮಾರುಗಳಿಂದ ಉಂಡುಬಂದ ಭೂಮಿಯ ಕಾಗದವು ಗೆದ್ದಲಿಗೋ ಮಳೆಗೋ ಬೆಂಕಿಗೋ ಆಹುತಿಯಾಗಿದ್ದರೆ ಹಕ್ಕೇ ಕುಸಿಯುತ್ತಿತ್ತು. 1863ರ ಕಾಯಿದೆಗಳು ಸ್ವಲ್ಪ ಹಣ ತೆತ್ತು ಹಕ್ಕನ್ನು ಖಾಯಂ ಮಾಡಿಕೊಳ್ಳುವ ದಾರಿಯನ್ನು ತೆರೆದವಾದರೂ, ಅಷ್ಟರಲ್ಲಿ ಅನೇಕರ ಕೈಯಿಂದ ಇನಾಮು ಜಾರಿತ್ತು.

ಹಾಗೆಂದು ಎಲ್ಲವನ್ನೂ ಎಂದೆಂದಿಗೂ ಇಡುವುದೂ ಸಾಧ್ಯವಲ್ಲ. ಕಂದಾಯ ಕಚೇರಿಗಳು ಇದಕ್ಕೊಂದು ಕ್ರಮವನ್ನು ಮಾಡಿಕೊಂಡಿವೆ. ಕರ್ನಾಟಕದಲ್ಲಿ ‘ಎ’ ವರ್ಗದ ಕಾಗದ ಶಾಶ್ವತ; ‘ಬಿ’ 30 ವರ್ಷ, ‘ಸಿ’ 10, ‘ಡಿ’ 5, ‘ಇ’ ಒಂದೇ ವರ್ಷ. ಅವಧಿ ಮುಗಿದುದನ್ನು ಪಟ್ಟಿ ಮಾಡಿ ನಾಶಪಡಿಸತಕ್ಕದ್ದು. ರುಮಾಲಿನ ಗಂಟು ಬಿಚ್ಚಿ ಇದನ್ನು ಮಾಡುವ ತಾಳ್ಮೆ ಎಷ್ಟು ಕಚೇರಿಗಳಿಗಿದೆಯೋ, ಆ ಮಾತು ಬೇರೆ.

2024ರಲ್ಲಿ ರಾಜ್ಯ ಸರಕಾರವು ‘ಭೂಸುರಕ್ಷಾ’ ಎಂಬ ಹೆಸರಿನಿಂದ ತಾಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿಸುವ ಕಾರ್ಯವನ್ನು ಕೈಗೊಂಡಿತು. ಮಠಗಳೂ ಶಾಲೆಗಳೂ ಈಗ ತಮ್ಮ ಕಾಗದಗಳನ್ನು ‘ಕ್ಲೌಡ್’ ಎಂಬ ಉಗ್ರಾಣದಲ್ಲಿಡಲು ಮುಂದಾಗುತ್ತಿವೆ. ಹೆಸರು ಮೋಡ, ವಸ್ತುಸ್ಥಿತಿ ನೆಲದ ಮೇಲಿನದೇ. ಬೇರೊಬ್ಬರ ಕಟ್ಟಡದಲ್ಲಿ, ಬೇರೊಬ್ಬರ ಗಣಕಯಂತ್ರಗಳಲ್ಲಿ, ತಿಂಗಳ ಬಾಡಿಗೆಗೆ ಪಡೆದ ಜಾಗ. ಹಲಸಿಯ ಪಟಗಳು ಸುಮಾರು 1400 ವರ್ಷ ಬಾಡಿಗೆಯಿಲ್ಲದೆ ಮಣ್ಣಿನಲ್ಲಿ ಮಲಗಿದ್ದವು. ಇಲ್ಲಿ ಬಾಡಿಗೆ ನಿಂತರೆ ಕೆಲಕಾಲದಲ್ಲಿ ದಾಖಲೆಯೂ ಇಲ್ಲವಾಗುತ್ತದೆ.

ಆದುದರಿಂದ ಲೆಕ್ಕವನ್ನು ಮೊದಲೇ ಹಾಕಬೇಕು. ಎ-4 ಅಳತೆಯ ಒಂದು ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕುಗ್ಗಿಸದೆ ಇಟ್ಟರೆ ಅದು ಸುಮಾರು 26 ಮೆಗಾಬೈಟು; ಒಂದು ಲಕ್ಷ ಪುಟಕ್ಕೆ 2,600 ಗಿಗಾಬೈಟು. ಹದವಾಗಿ ಕುಗ್ಗಿಸಿದರೆ ಇದರ ಹತ್ತರಲ್ಲೊಂದು ಭಾಗವೂ ಬೇಕಾಗದು. ಈ ಉಗ್ರಾಣದಲ್ಲಿಯೂ ಅಂತಸ್ತುಗಳಿವೆ. ದಿನನಿತ್ಯ ತೆರೆಯುವ ಕಾಗದದ ಜಾಗ ದುಬಾರಿ. ವರ್ಷಕ್ಕೊಮ್ಮೆಯೂ ನೋಡದ ಕಾಗದದ ಜಾಗ ಅತ್ಯಗ್ಗ, ಆದರೆ ಅಲ್ಲಿಂದ ಹೊರತೆಗೆಯಲು ಹಲವು ತಾಸು ಕಾಯಬೇಕು, ಪ್ರತ್ಯೇಕ ಶುಲ್ಕವನ್ನೂ ತೆರಬೇಕು. ತಿದ್ದಿದಾಗಲೆಲ್ಲ ಹಳೆಯ ಪ್ರತಿಯನ್ನೂ ಉಳಿಸುವಂತೆ ಏರ್ಪಡಿಸಿ ಮರೆತರೆ, ಒಂದೇ ಪತ್ರದ ಹತ್ತು ಪ್ರತಿಗಳಿಗೆ ಬಾಡಿಗೆ ಸಲ್ಲುತ್ತಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ವಿಂಗಡಣೆಯು ಸ್ಕ್ಯಾನಿಗೆ ಮುಂಚೆ ನಡೆಯಬೇಕು. ದಾನಪತ್ರ, ಸನದು, ಖರೀದಿಪತ್ರ, ನ್ಯಾಯಾಲಯದ ತೀರ್ಪು, ಟ್ರಸ್ಟಿನ ಮೂಲಪತ್ರ, ಹಳೆಯ ಹಸ್ತಪ್ರತಿ ಇವು ತಾಮ್ರಪಟದ ಸಾಲಿಗೆ ಸೇರಿದವು. ಇವುಗಳ ಪೂರ್ಣ ಗಾತ್ರದ ಪ್ರತಿಗಳು ಎರಡು ಬೇರೆ ಬೇರೆ ಸ್ಥಳಗಳಲ್ಲಿರಲಿ. ಮೂಲವನ್ನಂತೂ ಯಾವ ಕಾರಣಕ್ಕೂ ಕಳೆಯಬಾರದು. ಲೆಕ್ಕದ ಪುಸ್ತಕ, ರಶೀದಿಗಳಿಗೆ ಕಾನೂನು ಹೇಳಿದ ಅವಧಿ ಸಾಕು. ಜಾತ್ರೆಯ ದಿನ ಮೊಬೈಲಿನಲ್ಲಿ ತೆಗೆದ ಸಾವಿರಾರು ಛಾಯಾಚಿತ್ರಗಳಲ್ಲಿ ಹತ್ತಿಪ್ಪತ್ತನ್ನು ಆರಿಸಿ ಉಳಿದವನ್ನು ಅಳಿಸಿದರೆ ಇತಿಹಾಸಕ್ಕೆ ನಷ್ಟವಿಲ್ಲ. ಯಾವ ಕಾಗದ ಎಲ್ಲಿದೆ, ಬಾಡಿಗೆ ತುಂಬುವ ದಿನ ಯಾವುದು, ಉಗ್ರಾಣದ ಗುಪ್ತಪದ ಯಾವ ಇಬ್ಬರ ಬಳಿ ಇದೆ ಎಂಬ ವಿವರಗಳು ಮಾತ್ರ ಮಠದ ಕಪಾಟಿನಲ್ಲಿ, ಒಂದು ವಹಿಯಲ್ಲಿ, ಶಾಯಿಯಿಂದ ಬರೆದಿರಲಿ.