ಅಕ್ಷರದ ಜೊತೆಗೊಂದು ಗುರುತು

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲಿನಲ್ಲಿ ಅರಸೀಕೆರೆ ದಾಟಿ ಕಡೂರಿನತ್ತ ಸಾಗುವಾಗ ನಿಮಗೆ ಬಾಣಾವರ ಸಿಗುತ್ತದೆ. ಅರಸೀಕೆರೆ, ಹಾರನಹಳ್ಳಿ, ಜಾವಗಲ್ಲು, ಹಳೇಬೀಡು, ಹೀಗೆ ಸುತ್ತಮುತ್ತ ಎಲ್ಲಿ ಹೋದರೂ ಹೊಯ್ಸಳರ ಗುಡಿ, ಗುಡಿಯ ಬಳಿ ಶಾಸನದ ಕಲ್ಲು. ಗಣಕಯಂತ್ರದ ವಿಚಾರ ಹೇಳಲು ಬಂದವರು ಕಲ್ಲಿನಿಂದ ಏಕೆ ಆರಂಭಿಸುತ್ತಾರೆ ಎಂದು ನೀವು ಕೇಳಬಹುದು. ಬರೆದುದನ್ನು ಹೇಗೆ ಓದಬೇಕು, ಹೇಗೆ ಜೋಡಿಸಬೇಕು ಎಂಬ ಸೂಚನೆಯನ್ನು ಬರವಣಿಗೆಯ ಒಳಗೇ ಸೇರಿಸುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ಅದಕ್ಕಾಗಿಯೇ ಇಲ್ಲಿಂದ ಆರಂಭ.

ಕಲ್ಲಿನ ಮೇಲೆ ಜಾಗ ದುಬಾರಿ. ಪದ್ಯ ಮುಗಿಯಿತೆಂದು ಹೊಸ ಸಾಲು ತೆಗೆಯುವಂತಿಲ್ಲ, ಪದಗಳ ನಡುವೆ ತೆರಪು ಬಿಡುವಂತಿಲ್ಲ. ಒಂದರ ಬೆನ್ನಿಗೊಂದು ಅಕ್ಷರ ಸಾಗುತ್ತದೆ. ಹೀಗಿರುವಲ್ಲಿ ಹೊಯ್ಸಳರ ಕಾಲದ ದೊಡ್ಡ ಶಾಸನಗಳಲ್ಲಿ ಕಂ||, ವೃ||, ವ|| ಎಂಬ ಗುರುತುಗಳು ಕಾಣುತ್ತವೆ. ಮುಂದಿನದು ಕಂದ, ಮುಂದಿನದು ವೃತ್ತ, ಮುಂದಿನದು ವಚನ ಎಂದು ಅವುಗಳ ಅರ್ಥ. ಚಂಪೂಕಾವ್ಯದ ಓಲೆಗರಿಯಲ್ಲೂ ಇದೇ ಕ್ರಮ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. 'ಕಂ' ಎಂಬುದು ದಪ್ಪಕ್ಷರದಲ್ಲಿ ಬರೆಯಿರಿ ಎಂದಾಗಲಿ, ಅಂಚು ಬಿಡಿ ಎಂದಾಗಲಿ ಹೇಳುವುದಿಲ್ಲ. ಇದು ಏನು ಎಂದಷ್ಟೇ ಹೇಳುತ್ತದೆ. ಹೇಗೆ ಕಾಣಬೇಕೆಂಬುದು ಲಿಪಿಕಾರನಿಗೂ ಓದುವವನಿಗೂ ಬಿಟ್ಟದ್ದು.

ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 5ನೆಯ ಸಂಪುಟವಾಗಿ 1902ರಲ್ಲಿ ಹೊರತಂದರು. ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಅರಸೀಕೆರೆ ತಾಲ್ಲೂಕಿನ ಶಾಸನಗಳಿಗೆ ಅದರಲ್ಲಿ ಪ್ರತ್ಯೇಕ ಕ್ರಮಸಂಖ್ಯೆ ಇದೆ. ಕಲ್ಲು ಸವೆದು ಅಕ್ಷರ ಹೋದಲ್ಲಿ ಚುಕ್ಕಿಗಳನ್ನು ಸಾಲಾಗಿ ಇಟ್ಟಿದ್ದಾರೆ. ಈ ಚುಕ್ಕಿಗಳನ್ನು ನೆನಪಿಡಿ, ಮತ್ತೆ ಬರುತ್ತವೆ. ಮುದ್ರಣಾಲಯಕ್ಕೆ ಬಂದ ಮೇಲೆ ಗುರುತುಗಳು ಇನ್ನೂ ಹೆಚ್ಚಿದವು. ಹಸ್ತಪ್ರತಿಯ ಮೇಲೆ ಸಂಪಾದಕರು ಬಣ್ಣದ ಪೆನ್ಸಿಲಿನಲ್ಲಿ ಇದು ಶೀರ್ಷಿಕೆ, ಇದು ದಪ್ಪ ಮೊಳೆ, ಇಲ್ಲಿ ಹೊಸ ಪ್ಯಾರಾ ಎಂದು ಗೀಚಿ ಕೊಡುವರು. ಮೊಳೆ ಜೋಡಿಸುವವರು ಅದನ್ನು ಪಾಲಿಸುವರು. ಗುರುತು ಅಚ್ಚಾಗುವುದಿಲ್ಲ, ಅದರ ಫಲ ಮಾತ್ರ ಅಚ್ಚಾಗುತ್ತದೆ.

ಮೊಳೆ ಜೋಡಿಸುವವರ ಈ ಕೆಲಸವನ್ನು ಯಂತ್ರಕ್ಕೆ ಕಲಿಸಿದವರಲ್ಲಿ ಮೊದಲಿಗರು ಅಮೆರಿಕದ ಎಂ.ಐ.ಟಿ.ಯ ಜೆರೋಮ್ ಸಾಲ್ಟ್ಜರ್. 1964ರಲ್ಲಿ ಅವರು ರನ್‌ಆಫ್ ಎಂಬ ಪ್ರೋಗ್ರಾಮನ್ನು ಬರೆದರು. ಸಾಲಿನ ಮೊದಲಿಗೆ ಚುಕ್ಕಿ ಇದ್ದರೆ ಅದು ಆಜ್ಞೆ, ಇಲ್ಲದಿದ್ದರೆ ಪಠ್ಯ. ಯಾವ ವಾಕ್ಯವೂ ಚುಕ್ಕಿಯಿಂದ ಆರಂಭವಾಗುವುದಿಲ್ಲವಲ್ಲ, ಜಾಣತನದ ಆಯ್ಕೆಯೇ ಸರಿ. ಇದರ ಸಂತತಿಯಾದ ಟ್ರಾಫ್ ಅನ್ನು ಬೆಲ್ ಪ್ರಯೋಗಾಲಯದ ಜೋಸೆಫ್ ಒಸ್ಸಾನ 1973ರ ಹೊತ್ತಿಗೆ ಸಿದ್ಧಪಡಿಸಿದರು. ಈಗ ರೈಸ್ ಅವರ ಚುಕ್ಕಿಗಳಿಗೆ ಬನ್ನಿ. ಸಾಲಿನ ಆರಂಭದಲ್ಲೇ ಅಕ್ಷರ ಸವೆದಿರುವ ಶಾಸನವೊಂದನ್ನು ಟ್ರಾಫ್‌ಗೆ ಕೊಟ್ಟರೆ ಏನಾದೀತು? ಚುಕ್ಕಿಯನ್ನು ಆಜ್ಞೆಯೆಂದು ತಿಳಿಯುತ್ತದೆ. ಅಂಥ ಆಜ್ಞೆ ಅದಕ್ಕೆ ಗೊತ್ತಿಲ್ಲ, ಆದ್ದರಿಂದ ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಮಳೆಗಾಳಿಗೆ ಉಳಿದಿದ್ದ ಅಕ್ಷರಗಳೂ ಆ ಸಾಲಿನ ಜೊತೆಗೆ ಸದ್ದಿಲ್ಲದೆ ಮಾಯ!

ಐ.ಬಿ.ಎಂ. ಕಂಪನಿಯ ಗೋಲ್ಡ್‌ಫಾರ್ಬ್, ಮೋಶರ್, ಲೋರಿ ಎಂಬ ಮೂವರು 1969ರಲ್ಲಿ ಬೇರೆ ದಾರಿ ಹಿಡಿದರು. 'ಮಧ್ಯಕ್ಕೆ ಜೋಡಿಸು' ಎನ್ನುವ ಬದಲು 'ಇದು ಶೀರ್ಷಿಕೆ' ಎಂದು ಗುರುತಿಸೋಣ ಎಂಬುದು ಅವರ ವಿಚಾರ. ನಮ್ಮ ಲಿಪಿಕಾರನ 'ಕಂ' ಹೇಳಿದ್ದೂ ಇದನ್ನೇ. ಅವರ ಜಿ.ಎಂ.ಎಲ್. ಬೆಳೆದು 1986ರಲ್ಲಿ ಎಸ್.ಜಿ.ಎಂ.ಎಲ್. ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಜಿನೀವಾದ ಬಳಿ ಟಿಮ್ ಬರ್ನರ್ಸ್ ಲೀ ರೂಪಿಸಿದ ಎಚ್.ಟಿ.ಎಂ.ಎಲ್. ಅದರದೇ ಕೂಸು.

ಇಂಥ ಗುರುತುಗಳನ್ನು ಓದುವ ಸಣ್ಣ ಪ್ರೋಗ್ರಾಮನ್ನು ನೀವೇ ಬರೆಯಬಹುದು. ಅಕ್ಷರವನ್ನು ಒಂದೊಂದಾಗಿ ಓದುತ್ತಾ ಹೋಗಿ. < ಕಂಡರೆ ಜೋಡಣೆ ನಿಲ್ಲಿಸಿ, > ಬರುವ ತನಕ ಸಿಕ್ಕಿದ್ದನ್ನು ಗುರುತಿನ ಹೆಸರೆಂದು ಕೂಡಿಡಿ. <ಕಂದ> ಎಂಬ ತೆರೆಯುವ ಗುರುತಾದರೆ ಹೆಸರನ್ನು ಒಂದು ಅಟ್ಟಿಯ ಮೇಲಿಡಿ. </ಕಂದ> ಎಂಬ ಮುಚ್ಚುವ ಗುರುತಾದರೆ ಅಟ್ಟಿಯ ಮೇಲಿನದನ್ನು ತೆಗೆಯಿರಿ. ಮೇಲಿರುವುದು ಬೇರೆ ಹೆಸರಾದರೆ ಎಲ್ಲೋ ಮುಚ್ಚಲು ಮರೆತಿದ್ದೀರಿ ಎಂದು ಅರ್ಥ. ಆಗ ಪ್ರೋಗ್ರಾಮು ಟ್ರಾಫ್‌ನಂತೆ ಸುಮ್ಮನಿರದೆ ದೂರು ಹೇಳಬೇಕು. ಉಳಿದದ್ದೆಲ್ಲ ಪಠ್ಯ. ತೆರಪು ಬಂದಾಗ ಒಂದು ಪದ ಮುಗಿಯಿತು. ಸಾಲಿನಲ್ಲಿ ಅದಕ್ಕೆ ಜಾಗವಿದ್ದರೆ ಸೇರಿಸಿ, ಇಲ್ಲದಿದ್ದರೆ ಹೊಸ ಸಾಲು. ಗುರುತನ್ನು ಮಾತ್ರ ಸಾಲಿನ ಅಳತೆಗೆ ಸೇರಿಸಬಾರದು.

ಇಂಗ್ಲಿಷಿಗೆ ಇಷ್ಟು ಸಾಕು. ಕನ್ನಡದಲ್ಲಿ ಅಳತೆಯೇ ತಕರಾರು. 'ಬಾಣಾವರ' ನಮ್ಮ ಕಣ್ಣಿಗೆ 4 ಅಕ್ಷರ. ಯಂತ್ರದ ಒಳಗೆ ಎರಡು ದೀರ್ಘದ ಗುರುತು ಸೇರಿ 6 ಸಂಕೇತ. 'ಶಾಸ್ತ್ರ' ಎಂಬ 2 ಅಕ್ಷರಕ್ಕೆ 7 ಸಂಕೇತ. ಸಂಕೇತ ಎಣಿಸಿ ಸಾಲು ಮುರಿದರೆ ಒಂದು ಸಾಲು ಗಿಡ್ಡ, ಇನ್ನೊಂದು ಉದ್ದ. ತೀರ ಉದ್ದದ ಪದವನ್ನು ಒಡೆಯಬೇಕಾಗಿ ಬಂದಾಗ ಒತ್ತಕ್ಷರ ಒಂದು ಸಾಲಿಗೂ ಅದರ ಮೇಲಿನ ವ್ಯಂಜನ ಇನ್ನೊಂದು ಸಾಲಿಗೂ ಹಂಚಿಹೋದೀತು. ಪೂರ್ತಿ ಅಕ್ಷರವನ್ನು ಮೊದಲು ಕಟ್ಟಿಕೊಂಡು ಆಮೇಲೆ ಅದರ ಅಗಲ ಅಳೆಯುವುದೇ ಸರಿಯಾದ ಕ್ರಮ.

ಭಾರತೀಯ ಲಿಪಿಗಳಿಗಾಗಿ 1991ರಲ್ಲಿ ಮಾನಕವಾದ ಇಸ್ಕಿಯಲ್ಲಿ ಗುರುತಿಗೇ ಒಂದು ಸ್ಥಾನವಿತ್ತು. 239ನೆಯ ಸಂಕೇತ ಬಂದರೆ ಅದರ ಮುಂದಿನದು ಅಕ್ಷರವಲ್ಲ, ಸೂಚನೆ. ಮುಂದೆ 48 ಬಂದರೆ ದಪ್ಪಕ್ಷರ, 72 ಬಂದರೆ ಕನ್ನಡ ಲಿಪಿ. ಈ ಸೂಚನೆ ಕಳೆದುಹೋದರೂ 'ಕ' ಎಂಬುದು 'ಕ' ಆಗಿಯೇ ಉಳಿಯುತ್ತದೆ, ಹೆಚ್ಚೆಂದರೆ ನಾಗರಿಯಲ್ಲಿ ಕಾಣುತ್ತದೆ. ಅದೇ ದಶಕದಲ್ಲಿ ನಮ್ಮ ಡಿ.ಟಿ.ಪಿ. ಕೇಂದ್ರಗಳಲ್ಲಿ ಬೇರೂರಿದ ಫಾಂಟು ಪದ್ಧತಿಯ ಕಥೆ ಬೇರೆ. ಅಲ್ಲಿ ಕಡತದೊಳಗೆ ಇರುತ್ತಿದ್ದದ್ದು ರೋಮನ್ ಅಕ್ಷರಗಳ ಸಂಕೇತ. ಕನ್ನಡ ಎಂಬುದು ಫಾಂಟಿನ ಹೆಸರಿನಲ್ಲಿ ಮಾತ್ರ. ಆ ಒಂದು ಗುರುತು ಅಳಿಸಿದರೆ ಕನ್ನಡವೇ ಹೋಗಿ, ಓದಲು ಬಾರದ ಯುರೋಪಿನ ಅಕ್ಷರಗಳ ರಾಶಿ ಉಳಿಯುತ್ತದೆ. ಅಂದಿನ ತುರ್ತಿಗೆ ಅದು ಬೇಕಾಗಿತ್ತು, ನಿಜ. ಆದರೆ ಆ ಕಾಲದಲ್ಲಿ ಬೆರಳಚ್ಚಾದ ಸ್ಮರಣ ಸಂಚಿಕೆ, ಸ್ಥಳ ಪುರಾಣ, ಊರಿನ ಇತಿಹಾಸಗಳಲ್ಲಿ ಎಷ್ಟೋ ಹೀಗೇ ಸಿಕ್ಕಿಬಿದ್ದಿವೆ. 1991ರ ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಸ್ಥಾನ ದೊರೆತಿತ್ತು. ಅದು ನಮ್ಮ ಮೇಜಿನ ತನಕ ಬರಲು ಬಹಳ ವರ್ಷ ಹಿಡಿಯಿತು.

ನಿಮ್ಮ ಮನೆಯಲ್ಲೋ ಊರಿನ ಸಂಘದಲ್ಲೋ ಅಂಥ ಹಳೆಯ ಕಡತವಿದ್ದರೆ ಮೊದಲು ಅದರ ನಕಲು ಮಾಡಿ ಇಟ್ಟುಕೊಳ್ಳಿ. ಬರಿಯ ಪಠ್ಯವಾಗಿ ಉಳಿಸಲು ಹೋಗಬೇಡಿ, ಫಾಂಟಿನ ಗುರುತು ಅಳಿಯುವುದು ಆಗಲೇ. ಯಾವ ಭಾಗ ಯಾವ ಫಾಂಟಿನಲ್ಲಿದೆ ಎಂದು ಗುರುತುಮಾಡಿಕೊಂಡು, ಕನ್ನಡದ ಭಾಗವನ್ನಷ್ಟೇ ಯೂನಿಕೋಡಿಗೆ ಪರಿವರ್ತಿಸಿ. ನಡುನಡುವೆ ಬರುವ ಇಂಗ್ಲಿಷ್ ಹೆಸರುಗಳನ್ನೂ ಪರಿವರ್ತಕಕ್ಕೆ ಕೊಟ್ಟರೆ ಅವು ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಶಾಸನಪಾಠವಿದ್ದರೆ ಚುಕ್ಕಿಗಳನ್ನು ಮೂಲದೊಡನೆ ಎಣಿಸಿ ನೋಡಿ.