ದಾನವೂ ಪಾಲನೆಯೂ

ಕನ್ನಡ ನಾಡಿನ ಶಾಸನಗಳಲ್ಲಿ ಬಹುಪಾಲು ದಾನಶಾಸನಗಳು. ಯಾರು, ಯಾರಿಗೆ, ಏನನ್ನು ಕೊಟ್ಟರೆಂಬುದನ್ನು ಇತಿಹಾಸಕಾರರು ಇವುಗಳಿಂದ ಬೇಕಾದಷ್ಟು ಹೆಕ್ಕಿ ತೆಗೆದಿದ್ದಾರೆ. ಏಕೆ ಕೊಟ್ಟರೆಂಬ ಪ್ರಶ್ನೆಗೆ ಮಾತ್ರ ‘ಪುಣ್ಯಾರ್ಥವಾಗಿ’ ಎಂಬ ಒಂದೇ ಉತ್ತರವನ್ನಿತ್ತು ಮುಂದೆ ಸಾಗುವುದು ರೂಢಿಯಾಗಿದೆ. ನಿಧಾನವಾಗಿ ಓದಿದವರಿಗೆ ದಾನಿಯ ಅಂತರಂಗ ಅಷ್ಟು ಸರಳವಾಗಿ ತೋರದು. ತಂದೆತಾಯಿಗಳಿಗೆ ಸದ್ಗತಿಯಾಗಲೆಂದು ಕೊಟ್ಟವರುಂಟು, ಅಗಲಿದವರ ನೆನಪಿಗೆ ‘ಪರೋಕ್ಷವಿನಯ’ವೆಂದು ಕೊಟ್ಟವರುಂಟು, ಒಡೆಯನ ಶ್ರೇಯಸ್ಸನ್ನು ಕೋರಿ ಕೊಟ್ಟವರೂ ಉಂಟು. ಕೀರ್ತಿಯ ಬಯಕೆಯನ್ನಂತೂ ಹಿರಿಯರು ಬಚ್ಚಿಡಲಿಲ್ಲ. ಮಗ, ನಿಧಿ, ದೇಗುಲ, ತೋಪು, ಕಾವ್ಯ, ಕೆರೆ, ಅಗ್ರಹಾರ ಇವೇಳನ್ನೂ ‘ಸಪ್ತಸಂತಾನ’ವೆಂದು ಕರೆದುದರಲ್ಲಿಯೇ, ಅಳಿದ ಮೇಲೂ ಹೆಸರುಳಿಯಲೆಂಬ ಹಂಬಲ ಒಡೆದು ಕಾಣುತ್ತದೆ. ತಾಳಗುಂದದ ಸ್ತಂಭಶಾಸನವನ್ನು ಕುಬ್ಜನೆಂಬ ಕವಿ ರಚಿಸಿದುದು ಕದಂಬ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯ ನಿಮಿತ್ತವಾಗಿ. ಆದರೆ ಕೆರೆಯ ಮಾತು ಬರುವುದು ಕೊನೆಯಲ್ಲಿ, ಮೊದಲಿನದೆಲ್ಲ ವಂಶದ ಕಥೆ!

‘ದಾನಚಿಂತಾಮಣಿ’ ಅತ್ತಿಮಬ್ಬೆಯ ನಿದರ್ಶನವನ್ನು ಇಲ್ಲಿ ತುಸು ವಿಸ್ತಾರವಾಗಿ ನೋಡಬೇಕು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಆಕೆ ಹಂಚಿದಳೆಂಬುದು ಸಾಹಿತ್ಯ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ, ಆ ಕಾವ್ಯವನ್ನು ಪೊನ್ನನಿಂದ ಬರೆಯಿಸಿದವರು ಆಕೆಯ ತಂದೆ ಮಲ್ಲಪನೂ ಆತನ ತಮ್ಮ ಪುನ್ನಮಯ್ಯನೂ. ಅದೂ ತಮ್ಮ ಗುರು ಜಿನಚಂದ್ರರ ನೆನಪಿಗೆ. ಪತಿ ನಾಗದೇವನು ತೀರಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದು ವ್ರತನಿಯಮಗಳಲ್ಲಿ ಬಾಳಿದಳು. 993ರಲ್ಲಿ ರನ್ನನು ‘ಅಜಿತಪುರಾಣ’ವನ್ನು ಪೂರೈಸಿದುದು ಆಕೆಯ ಆಶ್ರಯದಲ್ಲಿ. 1007ರ ಲಕ್ಕುಂಡಿಯ ಶಾಸನ ಆಕೆಯ ಬಸದಿಯನ್ನೂ ದಾನಗಳನ್ನೂ ಕೊಂಡಾಡುತ್ತದೆ. ಈಗ ಕೇಳೋಣ: ಸಾವಿರ ಪ್ರತಿಗಳ ಹಿಂದಿದ್ದುದು ಧರ್ಮಶ್ರದ್ಧೆಯೇ, ತವರಿನ ಮೇಲಿನ ಮಮತೆಯೇ, ವೈಧವ್ಯದ ದುಃಖವೇ? ಇವನ್ನು ಬೇರ್ಪಡಿಸಹೊರಡುವುದೇ ತಪ್ಪೆಂದು ನನ್ನ ಅಭಿಪ್ರಾಯ. ಮಮತೆ ಬೆರೆತುದರಿಂದ ದಾನದ ಬೆಲೆ ಕುಂದಲಿಲ್ಲ. ‘ಶಾಂತಿಪುರಾಣ’ವಂತೂ ಇಂದಿಗೂ ನಮ್ಮ ಕೈಯಲ್ಲಿದೆ.

ಈ ವಿಷಯದಲ್ಲಿ ಅತ್ಯಂತ ಕಠಿನವಾದ ವಿಮರ್ಶೆ ಬಂದುದು ಶರಣರಿಂದ. ‘ನಾನು ಕೊಟ್ಟೆ’ ಎಂಬ ಭಾವವುಳ್ಳ ದಾನವನ್ನೂ, ಕೊಡುವವನೇ ಆಳೆಂದು ಬಗೆಯುವ ದಾಸೋಹವನ್ನೂ ಅವರು ಬೇರೆ ಬೇರೆಯಾಗಿ ಕಂಡರು. ಸೊನ್ನಲಿಗೆಯ ಸಿದ್ಧರಾಮನು ಶಿಷ್ಯಸಮೂಹದೊಡನೆ ಕೆರೆ ತೋಡಿಸುವುದರಲ್ಲಿ ಮಗ್ನನಾಗಿದ್ದಾಗ ಅಲ್ಲಮಪ್ರಭು ಅಲ್ಲಿಗೆ ಬಂದು, ಮಣ್ಣುಕೆಲಸದವನೆಂಬ ಅರ್ಥದಲ್ಲಿ ಆತನನ್ನು ‘ಒಡ್ಡ’ನೆಂದು ಕರೆದ ಪ್ರಸಂಗ ‘ಶೂನ್ಯಸಂಪಾದನೆ’ಯಲ್ಲಿದೆ. ಆ ಮಾತಿಗೆ ಕೆರಳಿ ಕಲ್ಲೆಸೆದವರು ಕೆಲಸದಲ್ಲಿ ತೊಡಗಿದ್ದ ಶಿಷ್ಯರು. ಪವಾಡದ ಅಂಶವನ್ನು ಬದಿಗಿರಿಸಿದರೂ ಪ್ರಸಂಗದ ಮನೋಧರ್ಮ ಸೂಕ್ಷ್ಮವಾದುದು: ಒಳ್ಳೆಯ ಕೆಲಸಕ್ಕೆ ಕೂಡಿದ ಗುಂಪಿಗೂ ಒಂದು ಅಹಂಕಾರವಿರುತ್ತದೆ, ಅದು ನಾಯಕನ ಅಹಂಕಾರಕ್ಕಿಂತ ಬೇಗ ನೋಯುತ್ತದೆ. ಪ್ರಭುವಿನ ಆಕ್ಷೇಪವಿದ್ದುದು ಕರ್ತೃತ್ವಭಾವದ ಮೇಲೆ, ಕೆರೆಯ ಮೇಲಲ್ಲ. ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿಯನ್ನು ಆ ನೀರು ಇಂದಿಗೂ ಬಳಸಿ ನಿಂತಿದೆ.

ಕಟ್ಟಿದವನ ಮಾತಾಯಿತು, ಕಾಯುವವನ ಮಾತೇನು? ದಾನಕ್ಕಿಂತ ಪಾಲನೆ ಮೇಲೆಂದು ಎಷ್ಟೋ ಶಾಸನಗಳು ಕೊನೆಯಲ್ಲಿ ಸಾರುತ್ತವೆ. ಹೀಗೆ ಒತ್ತಿ ಹೇಳಬೇಕಾದುದಕ್ಕೆ ಕಾರಣವುಂಟು. ಕಟ್ಟಿಸಿದವನಿಗೆ ಶಾಸನವಿದೆ, ವರ್ಷವರ್ಷವೂ ಹೂಳೆತ್ತಿದವನಿಗೆ ಯಾವ ಕಲ್ಲೂ ಇಲ್ಲ. ಆದ್ದರಿಂದ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪವೆಂದು ಹೆದರಿಸಿದರು. ಭಯವೊಂದೇ ಸಾಲದೆಂಬುದೂ ಅವರಿಗೆ ತಿಳಿದಿತ್ತು. ಕೆರೆಯ ನಿರ್ವಹಣೆಗೆ ‘ಬಿತ್ತುವಟ್ಟ’ವೆಂದು ಭೂಮಿಯನ್ನು ಬಿಟ್ಟರು; ಮಣ್ಣು ಹೊರುವ ಬಂಡಿಗೂ ಎತ್ತುಕೋಣಗಳಿಗೂ ದತ್ತಿಯನ್ನಿಟ್ಟರು. ಏರಿ ಒಡೆದರೆ ಕಾಯುವವನ ಗದ್ದೆಯೇ ಒಣಗುವಂತೆ ಮಾಡಿದ ಈ ವ್ಯವಸ್ಥೆಯಲ್ಲಿ ಮನುಷ್ಯಸ್ವಭಾವದ ಅರಿವು ಎಷ್ಟಿದೆ!

ನಮ್ಮ ಕಾಲದ ಸಂರಕ್ಷಣಾ ಸಂಘಟನೆಗಳಲ್ಲಿಯೂ ಇದೇ ಎಳೆ ಕಾಣುತ್ತದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು, ಕಡಿಯಲಿದ್ದ ಮರಗಳನ್ನು ಅಪ್ಪಿ ನಿಂತರು; ಅದು ಅಪ್ಪಿಕೋ ಚಳವಳಿಯೆಂದು ಹೆಸರಾಯಿತು. ಅವರಲ್ಲಿ ಅಡಕೆ ತೋಟಿಗರಿದ್ದರು. ತೋಟದ ಗೊಬ್ಬರಕ್ಕೆ ಬೆಟ್ಟದ ಸೊಪ್ಪು ಬೇಕು, ತೋಟಕ್ಕೆ ಕಾಡಿನ ಒರತೆಯ ನೀರು ಬೇಕು. ಕಾಡಿನ ಮೇಲಿನ ಪ್ರೀತಿಯೂ ತೋಟದ ಚಿಂತೆಯೂ ಅಲ್ಲಿ ಕೂಡಿಯೇ ಇದ್ದುವು. ಹಾಗಾದರೆ ಅದು ಸ್ವಾರ್ಥವಲ್ಲವೇ ಎಂದು ಕೇಳುವವರುಂಟು. ಚಳವಳಿಗಾರರು ಅದನ್ನು ಮುಚ್ಚಿಟ್ಟವರಲ್ಲ. ತಮ್ಮ ಧ್ಯೇಯವನ್ನು ಅವರು ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳಲ್ಲಿ ಹೇಳಿಕೊಂಡರು. ಮೂರನೆಯದನ್ನು ಸೇರಿಸಲು ಅವರಿಗೆ ನಾಚಿಕೆಯೆನಿಸಲಿಲ್ಲ.