ಬ್ರಹ್ಮಗಿರಿಯ ಬುಡದಲ್ಲಿ ನೂಲಿನ ಬದುಕು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಹತ್ತಿರದಲ್ಲಿ ಬ್ರಹ್ಮಗಿರಿ ಎಂಬ ಬೆಟ್ಟವಿದೆ. ಇದರ ಹೆಸರು ನಮ್ಮ ನಾಡಿನ ಇತಿಹಾಸದ ಮೊದಲ ಪುಟಗಳಲ್ಲೇ ಬರುತ್ತದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇಲ್ಲಿ ಮತ್ತು ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಬಂಡೆ ಶಾಸನಗಳನ್ನು ಬೆಳಕಿಗೆ ತಂದರು. ಕ್ರಿ.ಪೂ. 3ನೇ ಶತಮಾನದಲ್ಲಿ ಸುವರ್ಣಗಿರಿಯಲ್ಲಿದ್ದ ರಾಜಕುಮಾರನು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆ ಅದರಲ್ಲಿದೆ. ತಾಯಿ ತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯವನ್ನೇ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರಾಂಶ. ಕೊನೆಯಲ್ಲಿ ಇದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಇದೆ. 1947ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವ್ಹೀಲರ್ ಇಲ್ಲಿ ಉತ್ಖನನ ನಡೆಸಿ, ಕಲ್ಲಿನ ಕೊಡಲಿ ಬಳಸುತ್ತಿದ್ದ ಜನ, ಅವರ ನಂತರ ಬೃಹತ್ ಶಿಲಾಗೋರಿಗಳ ಜನ, ಅವರ ನಂತರ ಶಾತವಾಹನರ ಕಾಲದ ಜನ ಹೀಗೆ ಮೂರು ಕಾಲದ ಬದುಕನ್ನು ಗುರುತಿಸಿದರು.

ಇಷ್ಟನ್ನು ನಮ್ಮ ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲಿ ಓದಿರುತ್ತಾರೆ. ಆಜ್ಞೆ ಹೊರಡಿಸಿದವನ ಹೆಸರು ಉಳಿಯಿತು, ಬರೆದವನ ಹೆಸರೂ ಉಳಿಯಿತು. ಆದರೆ ಇದೇ ಬೆಟ್ಟದ ಸುತ್ತ ನೂತವರ, ನೇಯ್ದವರ, ಹತ್ತಿ ಹಿಂಜಿದವರ ಹೆಸರನ್ನು ಯಾರೂ ಬಂಡೆಯ ಮೇಲೆ ಕೊರೆಯಲಿಲ್ಲ. ಅವರ ಕೈಕೆಲಸದ ಇತಿಹಾಸವನ್ನು ಸ್ವಲ್ಪಮಟ್ಟಿಗಾದರೂ ನೆನಪಿಸಿಕೊಳ್ಳುವುದು ಈ ಲೇಖನದ ಉದ್ದೇಶ.

ಉಣ್ಣೆ ಮತ್ತು ಕಾವಲು

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರುತ್ತವೆ. ಮಳೆ ಕೈಕೊಟ್ಟರೂ ಹುಲ್ಲು ಸ್ವಲ್ಪವಾದರೂ ಚಿಗುರುತ್ತದೆ. ಆದ್ದರಿಂದ ಇಲ್ಲಿ ಬೇಸಾಯದಷ್ಟೇ ಕುರಿಸಾಕಣೆಯೂ ಜೀವನಾಧಾರವಾಯಿತು. ಕುರಿ ಇದ್ದಲ್ಲಿ ಉಣ್ಣೆ, ಉಣ್ಣೆ ಇದ್ದಲ್ಲಿ ಕಂಬಳಿ. ಚಳ್ಳಕೆರೆಯ ಕರಿ ಕಂಬಳಿ ಹೀಗೆ ಹೆಸರುವಾಸಿಯಾಯಿತು.

ಕಂಬಳಿಯ ಹಿಂದೆ ಇಡೀ ಕುಟುಂಬದ ದುಡಿಮೆ ಇದೆ. ಕುರಿಯ ಮೈಯಿಂದ ಕತ್ತರಿಸಿದ ಉಣ್ಣೆಯನ್ನು ಮೊದಲು ಶುಚಿಮಾಡಿ ಹಿಂಜಬೇಕು. ಹೆಂಗಸರು ಕುಳಿತು ಅದನ್ನು ನೂಲುತ್ತಾರೆ. ಹುಣಸೆ ಬೀಜವನ್ನು ಪುಡಿಮಾಡಿ ಬೇಯಿಸಿದ ಗಂಜಿಯನ್ನು ಹಾಸಿನ ನೂಲಿಗೆ ಬಳಿದು ಒಣಗಿಸುತ್ತಾರೆ. ಈ ಗಂಜಿಯಿಂದ ನೂಲು ಗಡುಸಾಗಿ ಮಗ್ಗದ ಎಳೆತ ತಡೆಯುತ್ತದೆ. ನಂತರ ನೆಲದಲ್ಲಿ ಗುಂಡಿ ತೋಡಿ ಹೂಡಿದ ಮಗ್ಗದಲ್ಲಿ ಕುರುಬ ನೇಕಾರರು ಕಂಬಳಿ ನೇಯುತ್ತಾರೆ. ಈ ಕಂಬಳಿ ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ಅಡವಿಯಲ್ಲಿ ಹಾಸಿಗೆ. ಹಳ್ಳಿಯ ನ್ಯಾಯ ಪಂಚಾಯಿತಿಗೂ ಕಂಬಳಿಯನ್ನೇ ಹಾಸುತ್ತಿದ್ದರು.

ಈ ಉದ್ಯೋಗಕ್ಕೆ ಬೆನ್ನೆಲುಬಾಗಿದ್ದುದು ಕಾವಲು, ಅಂದರೆ ವಿಶಾಲವಾದ ಹುಲ್ಲುಗಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂಬ ಹೆಸರಿತ್ತು. ಹೈದರ್ ಅಲಿ ಈ ಎತ್ತುಗಳನ್ನು ಫಿರಂಗಿ ಎಳೆಯಲು, ಸೈನ್ಯದ ಸಾಮಾನು ಸಾಗಿಸಲು ಬಳಸಿದನು. 1779ರಲ್ಲಿ ಚಿತ್ರದುರ್ಗ ಅವನ ವಶವಾಯಿತು. ಅವನ ಮಗ ಟಿಪ್ಪು ಸುಲ್ತಾನ್ ಈ ಇಲಾಖೆಯನ್ನು ಶಿಸ್ತಿಗೆ ತಂದು ಅಮೃತಮಹಲ್ ಎಂದು ಹೆಸರಿಟ್ಟನು. ಆ ತಳಿಗೆ, ಅದರ ಕಾವಲುಗಳಿಗೆ ಇಂದಿಗೂ ಅದೇ ಹೆಸರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಈ ದನಗಳನ್ನು ತಮ್ಮ ಸೈನ್ಯಕ್ಕೆ ಬಳಸಿಕೊಂಡರು.

ಸೈನ್ಯದ ದನ ಮೇಯುತ್ತಿದ್ದ ಈ ಕಾವಲುಗಳು ಕಾಲಕ್ರಮದಲ್ಲಿ ಸುತ್ತಲ ಹಳ್ಳಿಗಳ ಕುರಿ, ಆಡುಗಳಿಗೂ ಆಸರೆಯಾದವು. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಕುದಾಪುರದ ಕಾವಲುಗಳು ಇಂಥವು. 2008ರ ನಂತರದ ವರ್ಷಗಳಲ್ಲಿ ಇಲ್ಲಿನ ಸುಮಾರು 10 ಸಾವಿರ ಎಕರೆ ಭೂಮಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಮಂಜೂರಾಯಿತು. ದೇಶಕ್ಕೆ ವಿಜ್ಞಾನ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಲಿ ಎದ್ದ ಕಡೆ ಕುರಿಗೆ ದಾರಿ ಇಲ್ಲದಂತಾಯಿತು. ಹಳ್ಳಿಗರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಇನ್ನೊಂದು ಕಡೆ ಮಾಂಸದ ಬೆಲೆ ಏರಿದಂತೆ, ದಖ್ಖಣಿ ತಳಿಯ ಜಾಗಕ್ಕೆ ಉಣ್ಣೆಯಿಲ್ಲದ ನೆಲ್ಲೂರು ತಳಿಯ ಮತ್ತು ಮಿಶ್ರತಳಿಯ ಕುರಿಗಳು ಬಂದವು. ಕುರಿ ಉಳಿದರೂ ಉಣ್ಣೆ ಕಡಿಮೆಯಾಯಿತು. ಗಿರಣಿಯ ಅಗ್ಗದ ಹೊದಿಕೆಗಳು ಉಳಿದ ಮಾರುಕಟ್ಟೆಯನ್ನೂ ಕಸಿದವು.

ರೇಷ್ಮೆ

ಚಳ್ಳಕೆರೆಗೆ ಕಂಬಳಿ ಹೇಗೋ ಮೊಳಕಾಲ್ಮೂರಿಗೆ ರೇಷ್ಮೆ ಸೀರೆ ಹಾಗೆ. ಒಣ ಸೀಮೆಯ ಈ ಸಣ್ಣ ಊರಿನ ಹೆಸರನ್ನು ಮದುವೆ ಮನೆಗಳಿಗೆ ಮುಟ್ಟಿಸಿದ್ದು ಇಲ್ಲಿನ ಕೈಮಗ್ಗ. ಅಗಲವಾದ ಅಂಚು, ಒಡಲಿಗೆ ಎದುರಾದ ಬಣ್ಣ, ಹೂವು, ಹಣ್ಣು, ಪ್ರಾಣಿಗಳ ಚಿತ್ತಾರ ಇದರ ಗುರುತು. ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ ಬರಬೇಕಾದರೆ ಕೈಮಗ್ಗದಲ್ಲಿ ಬೇರೆ ಬೇರೆ ಲಾಳಿಗಳನ್ನು ಆಡಿಸಬೇಕು. ಒಂದು ಸೀರೆಗೆ ದಿನಗಟ್ಟಲೆ ಕೆಲಸ. ಮಗ್ಗದಲ್ಲಿ ಕೂರುವವನು ಒಬ್ಬನಾದರೂ, ಕಂಡಿಕೆ ಸುತ್ತುವುದು, ಹಾಸು ಹೂಡುವುದು, ಕಡಿದ ಎಳೆ ಕೂಡಿಸುವುದು ಮನೆಮಂದಿಯ ಕೆಲಸ. ಕೂಲಿಯ ಲೆಕ್ಕದಲ್ಲಿ ಮಾತ್ರ ಒಬ್ಬನ ಹೆಸರೇ ಇರುತ್ತದೆ.

ಮೈಸೂರು ಸೀಮೆಗೆ ರೇಷ್ಮೆ ಕೃಷಿ ಬಂದ ಕಥೆಯಲ್ಲಿ ಟಿಪ್ಪು ಸುಲ್ತಾನನ ಪಾತ್ರ ಎಲ್ಲರಿಗೂ ಗೊತ್ತಿರುವುದೇ. ಬಂಗಾಳದಿಂದ ರೇಷ್ಮೆ ಹುಳು ತರಿಸಿ, ಸಾಕುವ ವಿಧಾನವನ್ನು ಜನರಿಗೆ ಕಲಿಸಲು ಅವನು ವ್ಯವಸ್ಥೆ ಮಾಡಿದನು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆ ಕಾರ್ಖಾನೆ ಆರಂಭವಾಯಿತು. ಇಂದು ಗೂಡಿನಿಂದ ನೂಲು ತೆಗೆಯುವ ಕೆಲಸದಲ್ಲಿ ರಾಮನಗರ, ಶಿಡ್ಲಘಟ್ಟಗಳ ಸಾವಿರಾರು ಮುಸ್ಲಿಂ ಕುಟುಂಬಗಳು ದುಡಿಯುತ್ತಿವೆ. ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡು ಎಳೆ ತೆಗೆಯುವವರು ಒಬ್ಬರು, ಬಣ್ಣ ಹಾಕುವವರು ಒಬ್ಬರು, ನೇಯುವವರು ಒಬ್ಬರು. ರೈತ, ಬಿಚ್ಚಣಿಕೆದಾರ, ನೇಕಾರ ಇವರಲ್ಲಿ ಒಬ್ಬರು ನಿಂತರೂ ಸೀರೆ ಆಗುವುದಿಲ್ಲ. ಜಾತಿ ಧರ್ಮಗಳ ಬಗ್ಗೆ ಎಷ್ಟೇ ಮಾತು ನಡೆಯಲಿ, ಒಂದು ಸೀರೆಯ ಎಳೆಗಳನ್ನು ಬಿಡಿಸಿ ನೋಡಿದರೆ ಅದರಲ್ಲಿ ಎಲ್ಲರ ಕೈ ಕಾಣುತ್ತದೆ.

ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರಕಿತು. ಬೇರೆ ಊರಿನಲ್ಲಿ ನೇಯ್ದ ಸೀರೆಯನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ಕೈಮಗ್ಗದ ಕೆಲವು ವಸ್ತುಗಳನ್ನು ವಿದ್ಯುತ್ ಮಗ್ಗದಲ್ಲಿ ತಯಾರಿಸಬಾರದೆಂಬ ಕಾನೂನು 1985ರಿಂದಲೇ ಇದೆ. 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೂ ಕೈಮಗ್ಗದ ವಿನ್ಯಾಸ ವಿದ್ಯುತ್ ಮಗ್ಗಕ್ಕೆ ಹೋಗಲು ಹೆಚ್ಚು ದಿನ ಬೇಕಾಗುವುದಿಲ್ಲ. ಅಂಗಡಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟಾಗ ಬೆಲೆ ನೋಡುವವರೇ ಹೆಚ್ಚು, ಮಗ್ಗ ಕೇಳುವವರು ಕಡಿಮೆ.

ಹತ್ತಿ ಹಿಂಜಿದವರು

ಉಣ್ಣೆಗೂ ರೇಷ್ಮೆಗೂ ಹೆಸರಾದರೂ ಬಂತು. ಇದೇ ಸೀಮೆಯಲ್ಲಿ ಹತ್ತಿಯನ್ನೇ ನಂಬಿದ ಇನ್ನೊಂದು ಜನವರ್ಗವಿದೆ. ಅವರೇ ಪಿಂಜಾರರು, ಅಥವಾ ನದಾಫರು. ಚಿತ್ರದುರ್ಗ, ಬಳ್ಳಾರಿ, ದಾವಣಗೆರೆ ಜಿಲ್ಲೆಗಳಲ್ಲಿ ಇವರ ಮನೆಗಳು ಹಳ್ಳಿಹಳ್ಳಿಗೂ ಹರಡಿಕೊಂಡಿವೆ. ಗಡಿಯಾಚೆ ಆಂಧ್ರದಲ್ಲಿ ಇವರನ್ನು ದೂದೇಕುಲ ಎನ್ನುತ್ತಾರೆ. ತೆಲುಗಿನಲ್ಲಿ ದೂದಿ ಎಂದರೆ ಹತ್ತಿ. ನದಾಫ್ ಎಂಬುದು ಹತ್ತಿ ಹಿಂಜುವವನು ಎಂಬ ಅರ್ಥದ ಅರಬ್ಬಿ ಪದ. ಅರಬ್ಬಿಯಲ್ಲೇ ಈ ಕಸುಬಿನವನಿಗೆ ಹಲ್ಲಾಜ್ ಎಂಬ ಇನ್ನೊಂದು ಹೆಸರೂ ಇದೆ. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಒಳಗಾದ ಸೂಫಿ ಮನ್ಸೂರ್ ಹಲ್ಲಾಜರ ಹೆಸರಿನಲ್ಲಿ ಈ ಕಸುಬಿನ ನೆನಪಿದೆ. ಮನ್ಸೂರಿ ಎಂದು ಕರೆದುಕೊಳ್ಳುವ ಹಿಂಜುವವರು ದೇಶದ ಹಲವೆಡೆ ಇದ್ದಾರೆ. 16ನೇ ಶತಮಾನದ ಸಂತ ದಾದೂ ದಯಾಳರೂ ಹತ್ತಿ ಹಿಂಜುವವರ ಮನೆಯವರೆಂಬ ಪ್ರತೀತಿ ಇದೆ. ಕಬೀರರು ನೇಕಾರರ ಮನೆಯವರು. ಕೈಕೆಲಸವನ್ನು ಕೀಳೆಂದು ಭಾವಿಸುವವರು ಈ ಹೆಸರುಗಳನ್ನು ನೆನಪಿಡಬೇಕು.

ಪಿಂಜಾರನ ಆಸ್ತಿ ಎಂದರೆ ಒಂದು ದೊಡ್ಡ ಬಿಲ್ಲು ಮತ್ತು ಮರದ ಕೊಡತಿ. ಪ್ರಾಣಿಯ ನರದಿಂದ ಹೊಸೆದ ಹೆದೆಯನ್ನು ಹತ್ತಿಯ ರಾಶಿಗೆ ತಾಗಿಸಿ ಕೊಡತಿಯಿಂದ ಮೀಟಿದರೆ, ಗಂಟುಗಟ್ಟಿದ ಹತ್ತಿ ಬಿಡಿಬಿಡಿಯಾಗಿ ಹಾರುತ್ತದೆ. ಕಸ ಕೆಳಗೆ ಬೀಳುತ್ತದೆ. ಬಿಲ್ಲಿನ ಆ ಝೇಂಕಾರ ಕೇಳಿದರೆ ಪಿಂಜಾರ ಬಂದನೆಂದು ಇಡೀ ಕೇರಿಗೆ ತಿಳಿಯುತ್ತಿತ್ತು. ಹಳೆಯ ಹಾಸಿಗೆ ಬಿಚ್ಚಿ ಹೊಸದು ಮಾಡುವುದು, ಮದುವೆಗೆ ಗಾದಿ, ದಿಂಬು ಹೊಲಿಯುವುದು, ನೂಲುವವರಿಗೆ ಹಂಜಿ ಒದಗಿಸುವುದು ಅವನ ಕೆಲಸ. ದಖ್ಖಣದ ಕೆಲವೆಡೆ ಕಂಬಳಿಯ ಉಣ್ಣೆಯನ್ನೂ ಇವರೇ ಹಿಂಜಿಕೊಡುತ್ತಿದ್ದರು. ಹೀಗೆ ಕುರುಬನ ಮಗ್ಗಕ್ಕೂ ಪಿಂಜಾರನ ಬಿಲ್ಲಿಗೂ ನಂಟಿತ್ತು. ಈ ಕೆಲಸದಲ್ಲಿ ಹತ್ತಿಯ ಧೂಳು ಉಸಿರಿನೊಡನೆ ಒಳಗೆ ಹೋಗುತ್ತಿತ್ತು. ಕೆಮ್ಮು, ದಮ್ಮು ಕಸುಬಿನ ಜೊತೆಗೇ ಬರುತ್ತಿದ್ದವು.

ಇವರ ಬದುಕು ಊರಿನ ಬದುಕಿನೊಡನೆ ಹೆಣೆದುಕೊಂಡಿತ್ತು. ಮನೆಯಲ್ಲಿ ಆಡುವ ಮಾತು ಹೆಚ್ಚಾಗಿ ಕನ್ನಡ, ಗಡಿಯಲ್ಲಿ ತೆಲುಗು. ಹುಸೇನಪ್ಪ, ಫಕೀರಪ್ಪ, ಮೌಲಪ್ಪ ಇವು ಇವರಲ್ಲಿ ಸಾಮಾನ್ಯ ಹೆಸರುಗಳು. ಮೊಹರಮ್ಮಿನಲ್ಲಿ ಇಡೀ ಊರೇ ಇವರ ಜೊತೆ ನಿಲ್ಲುತ್ತಿತ್ತು. ಆದರೆ ಇದೇ ಕಾರಣಕ್ಕೆ ಎರಡೂ ಕಡೆ ಇವರನ್ನು ತಮ್ಮವರಲ್ಲ ಎಂಬಂತೆ ಕಂಡವರೂ ಉಂಟು. ಉರ್ದು ಬಾರದೆಂದು ಕೆಲವರು ದೂರ ಇಟ್ಟರು, ಮುಸ್ಲಿಮರೆಂದು ಇನ್ನು ಕೆಲವರು ದೂರ ಇಟ್ಟರು. ಈ ನೋವನ್ನು ನಮ್ಮ ಸಮಾಜ ಮರೆಯದೆ ತಿದ್ದಿಕೊಳ್ಳಬೇಕು.

ಜಿನ್ನಿಂಗ್ ಕಾರ್ಖಾನೆ ಬಂದಾಗ ಪಿಂಜಾರನ ಅರ್ಧ ಕೆಲಸ ಹೋಯಿತು. ಈ ಸೀಮೆಯ ಹೊಲಗಳಲ್ಲಿ ಶೇಂಗಾ ಹೆಚ್ಚಿತು. ಫೋಮ್ ಮತ್ತು ನಾರಿನ ಹಾಸಿಗೆಗಳು ಬಂದಾಗ ಉಳಿದ ಅರ್ಧವೂ ಸೊರಗಿತು. ಈಗ ಕೆಲವರು ಹಿಂಜುವ ಯಂತ್ರವನ್ನು ವಾಹನದಲ್ಲಿ ಹೇರಿಕೊಂಡು ಊರೂರು ಸುತ್ತುತ್ತಾರೆ. ಹೆಂಗಸರು ಗಾದಿ, ದಿಂಬು, ಕೌದಿ ಹೊಲಿಯುತ್ತಾರೆ. ಬಹಳಷ್ಟು ಮಂದಿ ಕೂಲಿಗೆ, ಗಾರೆ ಕೆಲಸಕ್ಕೆ, ಬೆಂಗಳೂರಿಗೆ ಹೋದರು.

ಗೊಂಬೆಯೂ ಉಳಿದ ತುಂಡೂ

ಇಲ್ಲಿ ಏನನ್ನೂ ವ್ಯರ್ಥ ಮಾಡುವ ಪದ್ಧತಿ ಇರಲಿಲ್ಲ. ಹಳೆಯ ಸೀರೆ, ಪಂಚೆಗಳು ಕೌದಿಯಾದವು. ಕೌದಿಗೂ ಬಾರದ ತುಂಡುಗಳಲ್ಲಿ ಹತ್ತಿ ತುಂಬಿ ಅಜ್ಜಿಯರು ಮಕ್ಕಳಿಗೆ ಗೊಂಬೆ ಹೊಲಿದು ಕೊಟ್ಟರು. ಆಡು, ಕುರಿಗಳ ಚರ್ಮವನ್ನು ಹದಮಾಡಿ, ಬಣ್ಣ ಬರೆದು, ದೀಪದ ಬೆಳಕಿನಲ್ಲಿ ಕುಣಿಸುವ ತೊಗಲುಗೊಂಬೆಯ ಕಲೆಯೂ ಈ ಗಡಿಸೀಮೆಯದೇ. ಧರ್ಮವರಂ ಸಮೀಪದ ನಿಮ್ಮಲಕುಂಟದ ತೊಗಲುಗೊಂಬೆ ಕಲಾವಿದ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆಟ ಕಡಿಮೆಯಾದಾಗ ಆ ಊರಿನವರು ಅದೇ ಚರ್ಮದಲ್ಲಿ ದೀಪದ ಮುಸುಕು, ಗೋಡೆಯ ಚಿತ್ರಗಳನ್ನು ಮಾಡಿ ಕಸುಬನ್ನು ಉಳಿಸಿಕೊಂಡರು. ನಮ್ಮದೇ ಚನ್ನಪಟ್ಟಣದ ಮರದ ಗೊಂಬೆಗಳಲ್ಲಿ ಮುಸ್ಲಿಂ ಕುಶಲಕರ್ಮಿಗಳ ಪಾಲು ದೊಡ್ಡದು. ಬಣ್ಣದ ಅರಗು, ಆಲೆ ಮರ, ಚರಕಿ ಇಷ್ಟರಿಂದಲೇ ಅವರು ಹೊರದೇಶಗಳಿಗೂ ಹೆಸರು ಮುಟ್ಟಿಸಿದರು. ಕಾಲಕ್ಕೆ ತಕ್ಕಂತೆ ಹೊಸ ವಸ್ತು ಮಾಡಿದ ಕಡೆ ಕಸುಬು ಉಳಿದಿದೆ ಎಂಬುದು ಇವುಗಳಿಂದ ಕಲಿಯಬೇಕಾದ ಪಾಠ.

ಹೆಸರು ಬರೆಯಿಸುವ ಮಾತು

ಮೊದಲು ಹೇಳಿದ ಮಾತಿಗೆ ಬರೋಣ. ಶಾಸನದಲ್ಲಿ ಹೆಸರಿಲ್ಲದಿದ್ದರೆ ಹೋಗಲಿ, ಇಂದಿನ ದಾಖಲೆಗಳಲ್ಲಿ ಈ ಕೈಗಳ ಹೆಸರು ಇದೆಯೇ? 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿ.ಎಂ. ವಿಶ್ವಕರ್ಮ ಯೋಜನೆ ಆರಂಭಿಸಿತು. ಅದರಲ್ಲಿ 18 ಕಸುಬುಗಳ ಪಟ್ಟಿ ಇದೆ. ಗೊಂಬೆ ಮಾಡುವವರು, ದರ್ಜಿಗಳು ಅದರಲ್ಲಿದ್ದಾರೆ. ತರಬೇತಿ, ಉಪಕರಣಕ್ಕೆ 15 ಸಾವಿರ ರೂಪಾಯಿ, ಕಡಿಮೆ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ಸಾಲ ಅವರಿಗೆ ಸಿಗುತ್ತದೆ. ಹತ್ತಿ ಹಿಂಜುವವನ ಕಸುಬು ಆ ಪಟ್ಟಿಯಲ್ಲಿಲ್ಲ. ಹೊಲಿಗೆ ಬಲ್ಲ, ಗೊಂಬೆ ಮಾಡಬಲ್ಲ ನಮ್ಮ ಹೆಣ್ಣುಮಕ್ಕಳು ಆ ಕಸುಬಿನ ಹೆಸರಿನಲ್ಲಾದರೂ ಅರ್ಜಿ ಹಾಕಲು ಸಂಘದ ಸದಸ್ಯರು ನೆರವಾಗಬಹುದು.

ಇನ್ನೊಂದು ವಿಷಯ ವಿದ್ಯಾರ್ಥಿಗಳ ಪೋಷಕರಿಗೆ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪಿಂಜಾರ, ನದಾಫ್ ಪ್ರವರ್ಗ 1ರಲ್ಲಿ ಬರುತ್ತಾರೆ. ಈ ಪ್ರವರ್ಗಕ್ಕೆ ಶೇಕಡ 4 ಮೀಸಲಾತಿ ಇದ್ದು, ಕೆನೆಪದರದ ಮಿತಿ ಅನ್ವಯಿಸುವುದಿಲ್ಲ. ಆದರೆ ಮಗುವನ್ನು ಶಾಲೆಗೆ ಸೇರಿಸುವಾಗ ಜಾತಿಯ ಕಾಲಂನಲ್ಲಿ ಬರೀ ಮುಸ್ಲಿಂ ಎಂದಷ್ಟೇ ಬರೆಸಿದರೆ, ಮುಂದೆ ಕಾಲೇಜಿಗೆ, ಕೆಲಸಕ್ಕೆ ಹೋಗುವಾಗ ಪ್ರಮಾಣಪತ್ರಕ್ಕಾಗಿ ಕಚೇರಿ ಅಲೆಯಬೇಕಾಗುತ್ತದೆ. ಧರ್ಮದ ಕಾಲಂನಲ್ಲಿ ಇಸ್ಲಾಂ, ಜಾತಿಯ ಕಾಲಂನಲ್ಲಿ ಪಿಂಜಾರ ಎಂದು ಮೊದಲ ದಿನವೇ ಬರೆಸುವುದಕ್ಕೆ ನಾಚಿಕೆ ಬೇಡ. ಅದು ದುಡಿದು ತಿಂದವರ ಹೆಸರು.

ಹಳೆಯ ಬಿಲ್ಲನ್ನೇ ಹಿಡಿದು ಕೂರಿರೆಂದು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಅವರು ವೈದ್ಯರಾಗಲಿ, ಶಿಕ್ಷಕರಾಗಲಿ, ಕುದಾಪುರದ ಅದೇ ವಿಜ್ಞಾನ ಸಂಸ್ಥೆಗಳಲ್ಲಿ ವಿಜ್ಞಾನಿಗಳಾಗಲಿ. ಆದರೆ ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಅಜ್ಜ, ಅಜ್ಜಿಯ ಬಳಿ ಕುಳಿತು, ಅವರು ಬಳಸಿದ ಒಂದೊಂದು ಉಪಕರಣದ ಹೆಸರು, ಒಂದೊಂದು ಹೊಲಿಗೆಯ ಹೆಸರು, ಅವರು ಕೆಲಸಕ್ಕೆ ಹೋಗುತ್ತಿದ್ದ ಊರುಗಳ ಹೆಸರು ಕೇಳಿ ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ಬರೆದ ದಿನಾಂಕ ಹಾಕಿ, ಕೊನೆಯಲ್ಲಿ ನಿಮ್ಮ ಹೆಸರನ್ನೂ ಬರೆಯಿರಿ. ಬ್ರಹ್ಮಗಿರಿಯ ಬಂಡೆಯ ಮೇಲೆ ಚಪಡ ಮಾಡಿದ್ದೂ ಅದನ್ನೇ.